ಗಣಕಯಂತ್ರದ ಪಡಸಾಲೆ

ಮನೆಯನ್ನು ಕಟ್ಟಿಸುವಾಗ ತಳಪಾಯದ ಭಾರವನ್ನು ಮೇಸ್ತ್ರಿಗೆ ಬಿಟ್ಟು, ಪಡಸಾಲೆ ಅಡಿಗೆಮನೆಗಳ ವಿಚಾರದಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಅಭಿಪ್ರಾಯ ಹೇಳುವುದು ಲೋಕರೂಢಿ. ಇದು ಸಹಜವೇ ಸರಿ. ತಳಪಾಯವು ಕಣ್ಣಿಗೆ ಬೀಳುವುದಿಲ್ಲ. ಪಡಸಾಲೆಯಲ್ಲಾದರೋ ದಿನವೂ ಓಡಾಡಬೇಕು. ಗಣಕಯಂತ್ರದಲ್ಲಿಯೂ ಇಂಥದೊಂದು ಪಡಸಾಲೆಯುಂಟು. ಪರದೆಯ ಮೇಲೆ ಕಾಣುವ ಕಿಟಕಿಗಳು, ಪಟ್ಟಿಗಳು, ಗುಂಡಿಗಳು, ಕಡತಗಳನ್ನಿಡುವ ಸ್ಥಳ—ಇವೆಲ್ಲವೂ ಸೇರಿ ಡೆಸ್ಕ್‌ಟಾಪ್ ಎನಿಸುತ್ತವೆ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಮನೆಗೆ ತರುವವರು ಈ ಡೆಸ್ಕ್‌ಟಾಪನ್ನು ತಾವೇ ಆರಿಸಿಕೊಳ್ಳಬೇಕಾಗುತ್ತದೆ.

ಈ ವಿಚಾರವು ಈಚೆಗೆ ಅನೇಕ ಗೃಹಸ್ಥರ ಮುಂದೆ ಬಂದು ನಿಂತಿರುವುದಕ್ಕೆ ಕಾರಣವುಂಟು. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಪೋಷಣೆಯು ೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ ೧೧, ಟಿಪಿಎಂ ೨.೦ ಎಂಬ ರಕ್ಷಣಾಸಾಧನವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಇದರಿಂದ ಸುಸ್ಥಿತಿಯಲ್ಲಿರುವ ಎಷ್ಟೋ ಯಂತ್ರಗಳು ಅನರ್ಹವೆನಿಸಿದುವು. ಕೀಲಿಮಣೆ ಸವೆದಿಲ್ಲ, ಪರದೆ ಮಂಕಾಗಿಲ್ಲ. ಆದರೂ ಯಂತ್ರವನ್ನು ಗುಜರಿಗೆ ಹಾಕೆಂದರೆ ಮಿತವ್ಯಯಿಯಾದ ಗೃಹಸ್ಥನ ಮನಸ್ಸು ಒಪ್ಪೀತೆ? ಅಂಥವರಿಗೆ ಲಿನಕ್ಸ್ ಒಳ್ಳೆಯ ಆಸರೆ. ಆದರೆ ಮೊದಲ ದಿನ ಎದುರಾದ ಡೆಸ್ಕ್‌ಟಾಪು ಮನೆಯವರಿಗೆ ಒಗ್ಗದಿದ್ದರೆ, ಅವರು ಲಿನಕ್ಸೇ ಬೇಡವೆಂದು ಕೈಬಿಡುವ ಸಂಭವವುಂಟು. ಪಡಸಾಲೆ ಹಿಡಿಸಲಿಲ್ಲವೆಂದು ಮನೆಯನ್ನೇ ತೊರೆದಂತಾಗುವುದು.

ತಳಪಾಯವೂ ಪಡಸಾಲೆಯೂ ಇಲ್ಲಿ ಬೇರೆಬೇರೆ ಕೈಗಳ ಕೆಲಸವೆಂಬುದನ್ನು ಮೊದಲು ತಿಳಿಯಬೇಕು. ಲಿನಕ್ಸಿನ ತಿರುಳನ್ನು ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಪ್ರಕಟಿಸಿದರು. ೧೯೯೬ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿದ್ದ ಮಥಿಯಾಸ್ ಎಟ್ರಿಷ್ ಎಂಬುವರು, ನಿಪುಣರಿಗಾಗಿ ಅಲ್ಲದೆ ಕಾಗದ ಬರೆಯುವ, ಆಟವಾಡುವ ಸಾಮಾನ್ಯ ಜನರಿಗಾಗಿ ಕೆಡಿಇ ಎಂಬ ಡೆಸ್ಕ್‌ಟಾಪಿನ ಯೋಜನೆಯನ್ನು ಆರಂಭಿಸಿದರು. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ಉಪಕರಣಸಮೂಹವು ಆಗ ಪೂರ್ಣವಾಗಿ ಮುಕ್ತವಾಗಿರಲಿಲ್ಲ. ಇದನ್ನು ಸಹಿಸದೆ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ, ಫೆಡರಿಕೊ ಮೆನಾ ಎಂಬಿಬ್ಬರು ೧೯೯೭ರಲ್ಲಿ ಗ್ನೋಮ್ ಎಂಬ ಇನ್ನೊಂದನ್ನು ಪ್ರಾರಂಭಿಸಿದರು. ೨೦೦೦ದಲ್ಲಿ ಕ್ಯೂಟಿಗೂ ಮುಕ್ತ ಪರವಾನಗಿ ದೊರೆತು ಆ ತಕರಾರು ಬಗೆಹರಿಯಿತಾದರೂ ಎರಡು ಮನೆತನಗಳು ಒಂದಾಗಲಿಲ್ಲ.

೨೦೧೧ರಲ್ಲಿ ಗ್ನೋಮ್‌ನವರು ತಮ್ಮ ಮೂರನೆಯ ಆವೃತ್ತಿಯಲ್ಲಿ ಹಳೆಯ ಪಟ್ಟಿಗಳನ್ನು ತೆಗೆದು ಹೊಸ ಕ್ರಮವನ್ನು ತಂದರು. ಹಳೆಯದೇ ಬೇಕೆಂದವರು ಅದನ್ನು ಮಾಟೆ ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ನಮಗೆ ಕಾಫಿಯಿದ್ದಂತೆ ದಕ್ಷಿಣ ಅಮೆರಿಕದವರು ನಿತ್ಯ ಕುಡಿಯುವ ಎಲೆಯ ಪಾನೀಯದ ಹೆಸರದು. ಲಿನಕ್ಸ್ ಮಿಂಟ್ ಎಂಬ ವಿತರಣೆಯವರು ಹೊಸ ತಳಹದಿಯ ಮೇಲೆ ಹಳೆಯ ರೂಢಿಯನ್ನು ಕೂಡಿಸಿ ಸಿನಮನ್, ಅಂದರೆ ದಾಲ್ಚಿನ್ನಿ, ಎಂಬುದನ್ನು ರಚಿಸಿದರು. ಮುಕ್ತ ತಂತ್ರಾಂಶದ ಹಿರಿಮೆ ಇದೇ: ಬಳಸುವವರಿಗೆ ಬೇಕಾದುದನ್ನು ತಯಾರಕನೊಬ್ಬನು ಕೈಬಿಟ್ಟ ಮಾತ್ರಕ್ಕೆ ಅದು ನಾಶವಾಗುವುದಿಲ್ಲ.

ಇಷ್ಟರಲ್ಲಿ ಯಾವುದನ್ನು ಆರಿಸಬೇಕು? ಮೊದಲು ಮನೆಯವರನ್ನು ನೋಡಬೇಕು, ಅನಂತರ ಯಂತ್ರವನ್ನು, ಅಂದಚೆಂದವನ್ನು ಕಡೆಯಲ್ಲಿ. ಬಹುಕಾಲ ವಿಂಡೋಸಿನಲ್ಲಿ ಕೈ ಪಳಗಿದ ಹಿರಿಯರಿದ್ದರೆ ಸಿನಮನ್ ಅಥವಾ ಮಾಟೆ ಅವರಿಗೆ ಹಿತವಾಗುವುದು. ಸಿನಮನ್‌ನಲ್ಲಿ ಮೂಲೆಯ ಪಟ್ಟಿ, ಕೆಳಗಿನ ಸಾಲು, ಕಿಟಕಿ ಮುಚ್ಚುವ ಗುಂಡಿ ಎಲ್ಲವೂ ಪರಿಚಿತ ಸ್ಥಳದಲ್ಲೇ ಸಿಕ್ಕುತ್ತವೆ. ಪ್ರತಿಯೊಂದನ್ನೂ ತಮ್ಮ ಇಷ್ಟದಂತೆ ತಿದ್ದಿಕೊಳ್ಳುವ ಉತ್ಸಾಹವುಳ್ಳ ತರುಣರಿಗೆ ಕೆಡಿಇಯವರ ಪ್ಲಾಸ್ಮಾ ತಕ್ಕುದು. ಹೊಸದಾಗಿ ಕಲಿಯುವವರಿಗೂ, ಪರದೆಯ ಮೇಲೆ ಗೊಂದಲವಿರಬಾರದೆನ್ನುವವರಿಗೂ ಗ್ನೋಮ್ ಒಪ್ಪುತ್ತದೆ. ಆದರೆ ಅದು ತನ್ನ ಪದ್ಧತಿಗೆ ನಮ್ಮನ್ನು ಒಗ್ಗಿಸಿಕೊಳ್ಳುತ್ತದೆಯೇ ಹೊರತು ನಮ್ಮ ಪದ್ಧತಿಗೆ ತಾನು ಸುಲಭವಾಗಿ ಬಾಗುವುದಿಲ್ಲ.

ಯಂತ್ರದ ಬಲವನ್ನು ಅದರ ರ‍್ಯಾಮ್‌ನಿಂದ ಅಳೆಯಬಹುದು. ೮ ಜಿಬಿ ಇದ್ದರೆ ಮೇಲೆ ಹೇಳಿದ ಯಾವುದಾದರೂ ಸುಖವಾಗಿ ನಡೆಯುತ್ತದೆ. ೪ ಜಿಬಿ ಅಥವಾ ಅದಕ್ಕೂ ಕಡಿಮೆಯಿದ್ದರೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರವಾದವುಗಳನ್ನು ಆರಿಸುವುದು ಲೇಸು. ಇಲ್ಲೊಂದು ಮಾತನ್ನು ಮರೆಯಬಾರದು. ಡೆಸ್ಕ್‌ಟಾಪು ಎಷ್ಟೇ ಮಿತಾಹಾರಿಯಾಗಿದ್ದರೂ ಜಾಲತಾಣಗಳನ್ನು ತೆರೆಯುವ ಬ್ರೌಸರು ಹೊಟ್ಟೆಬಾಕ. ಹತ್ತಾರು ಪುಟಗಳನ್ನು ಒಮ್ಮೆಗೇ ತೆರೆದಿಟ್ಟರೆ ಉಳಿತಾಯವೆಲ್ಲವೂ ಅದರ ಪಾಲಾಗುವುದು. ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿಸಿದರೆ, ಡೆಸ್ಕ್‌ಟಾಪನ್ನು ಬದಲಾಯಿಸುವುದಕ್ಕಿಂತಲೂ ಹೆಚ್ಚಿನ ಚುರುಕು ಕಾಣಬಹುದು.

ಕನ್ನಡಿಗರು ಪರೀಕ್ಷಿಸಬೇಕಾದುದು ಮತ್ತೊಂದುಂಟು. ಗ್ನೋಮ್, ಕೆಡಿಇಗಳೆರಡಕ್ಕೂ ಸ್ವಯಂಸೇವಕರು ಕನ್ನಡ ಅನುವಾದಗಳನ್ನು ಒದಗಿಸಿದ್ದಾರೆ. ಆದರೆ ಎಲ್ಲ ಭಾಗಗಳೂ ಅನುವಾದಗೊಂಡಿಲ್ಲವಾದ್ದರಿಂದ ನಡುನಡುವೆ ಇಂಗ್ಲಿಷು ಕಾಣುವುದು. ಕನ್ನಡ ಬರೆಯಲು ಐಬಸ್ ಎಂಬ ಸಾಧನವುಂಟು, ಕೆ.ಜಿ.ಪಿ., ಇನ್‌ಸ್ಕ್ರಿಪ್ಟ್ ಎರಡು ವಿನ್ಯಾಸಗಳೂ ಅದರಲ್ಲಿ ದೊರೆಯುತ್ತವೆ. ಗ್ನೋಮ್‌ನಲ್ಲಿ ಐಬಸ್ ಮೊದಲೇ ಹೊಂದಿಕೊಂಡಿದೆ. ಉಳಿದವುಗಳಲ್ಲಿ ನಾವೇ ಸ್ವಲ್ಪ ಅಣಿಗೊಳಿಸಬೇಕಾದೀತು. ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ನಾಲ್ಕು ಸಾಲು ಬರೆದು ನೋಡುವುದು ಜಾಣತನ.

ಸಂತೋಷದ ಸಂಗತಿಯೆಂದರೆ, ಇದಾವುದನ್ನೂ ಕುರುಡುನಂಬಿಕೆಯಿಂದ ಮಾಡಬೇಕಾಗಿಲ್ಲ. ೮ ಜಿಬಿಯ ಪೆನ್ ಡ್ರೈವ್ ಒಂದರಲ್ಲಿ ಲಿನಕ್ಸನ್ನು ಸಿದ್ಧಪಡಿಸಿ, ಅದರಿಂದಲೇ ಯಂತ್ರವನ್ನು ಆರಂಭಿಸಿದರೆ, ಒಳಗಿರುವುದನ್ನು ಅಳಿಸದೆಯೇ ಡೆಸ್ಕ್‌ಟಾಪನ್ನು ಕಾಣಬಹುದು. ಪೆನ್ ಡ್ರೈವ್‌ನಿಂದ ನಡೆಯುವಾಗ ಕೆಲಸ ತುಸು ನಿಧಾನವಾದರೆ ಗಾಬರಿ ಬೇಡ. ಲಿನಕ್ಸ್ ಮಿಂಟ್‌ನವರು ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಮೂರನ್ನೂ ಬೇರೆಬೇರೆಯಾಗಿ ಕೊಡುತ್ತಾರೆ. ಉಬುಂಟು ಗ್ನೋಮ್‌ನೊಡನೆಯೂ, ಕುಬುಂಟು ಪ್ಲಾಸ್ಮಾದೊಡನೆಯೂ ಬರುತ್ತದೆ. ಮನೆಯ ಪ್ರತಿಯೊಬ್ಬರನ್ನೂ ಒಂದೊಂದು ಗಳಿಗೆ ಕೂರಿಸಿ, ಅವರ ನಿತ್ಯದ ಕೆಲಸವನ್ನೇ ಮಾಡಿಸಿ ನೋಡಬೇಕು: ಅಜ್ಜಿ ಮೊಮ್ಮಕ್ಕಳ ಚಿತ್ರವನ್ನು ತೆರೆಯಲಿ, ಯಜಮಾನರು ಪ್ರಿಂಟರಿನಲ್ಲಿ ಒಂದು ಹಾಳೆಯನ್ನು ಅಚ್ಚುಮಾಡಲಿ, ಮಕ್ಕಳು ಪಾಠದ ವೀಡಿಯೋ ನೋಡಲಿ. ವಿಂಡೋಸಿಗಾಗಿಯೇ ರಚಿತವಾದ ಲೆಕ್ಕಪತ್ರದ ತಂತ್ರಾಂಶವನ್ನು ಯಾರಾದರೂ ಅವಲಂಬಿಸಿದ್ದರೆ, ಅದಕ್ಕೆ ಬದಲಿ ದೊರೆಯುವವರೆಗೂ ತಾಳುವುದು ವಿಹಿತ. ಸ್ಥಾಪನೆಗೆ ಮೊದಲು ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಡುವುದನ್ನಂತೂ ಮರೆಯಲೇ ಕೂಡದು.

ಒಂದೇ ಯಂತ್ರದಲ್ಲಿ ಎರಡು ಡೆಸ್ಕ್‌ಟಾಪುಗಳನ್ನಿರಿಸಿ, ಪ್ರವೇಶಿಸುವಾಗ ಬೇಕಾದುದನ್ನು ಆರಿಸಿಕೊಳ್ಳುವ ಅವಕಾಶವೂ ಉಂಟು. ಆದರೆ ಒಂದೇ ಕೆಲಸಕ್ಕೆ ಎರಡೆರಡು ಸಲಕರಣೆಗಳು ಪಟ್ಟಿಯಲ್ಲಿ ತುಂಬಿಕೊಂಡು ಗೊಂದಲವಾಗುವುದರಿಂದ, ಸಂಸಾರದ ಯಂತ್ರಕ್ಕೆ ಒಂದೇ ಸಾಕು. ತಂತ್ರಜ್ಞರು ಯಾವುದನ್ನು ಶ್ರೇಷ್ಠವೆಂದು ಸಾರಿದರೂ, ಮನೆಯಲ್ಲಿ ಅತ್ಯಂತ ಕಡಿಮೆ ಅಭ್ಯಾಸವುಳ್ಳವರು ಯಾರ ನೆರವನ್ನೂ ಕೇಳದೆ ಬಳಸಬಲ್ಲ ಡೆಸ್ಕ್‌ಟಾಪೇ ಆ ಮನೆಗೆ ಉತ್ತಮವಾದುದು.