ನಕ್ಷೆಯಲ್ಲಿ ಎಂಟು ಸೆಂಟಿಮೀಟರ್

2003ರ ಜುಲೈ ಇರಬೇಕು. ಒಂಬತ್ತನೇ ಕ್ಲಾಸು, ಊಟ ಆದ ಮೇಲಿನ ಪೀರಿಯಡ್ಡು, ಭೂಗೋಳ. ಓಕಳಿಪುರಂ ಸುತ್ತಮುತ್ತ ಓದಿದವರಿಗೆ ಗೊತ್ತಿರುತ್ತೆ, ಆ ಹೊತ್ತಲ್ಲಿ ಪಾಠಕ್ಕಿಂತ ರೈಲಿನ ಸದ್ದೇ ಜಾಸ್ತಿ ಕೇಳೋದು. ನಮ್ಮ ಸರ್ ಮಾತು ಅರ್ಧಕ್ಕೆ ನಿಲ್ಲಿಸಿ, ಗಾಡಿ ಪೂರ್ತಿ ಹೋಗುವವರೆಗೆ ಕಾದು, ಬಿಟ್ಟ ಪದದಿಂದಲೇ ಮತ್ತೆ ಶುರು ಮಾಡುತ್ತಿದ್ದರು.

ಅವತ್ತು ಗೋಡೆಗೆ ಪ್ರಪಂಚದ ಭೂಪಟ ನೇತುಹಾಕಿ, "ಸರ್ವಾಧಿಕಾರ ಇದ್ದ ದೇಶ ಯಾವ್ದು? ಒಬ್ಬೊಬ್ರಾಗಿ ಬಂದು ತೋರ್ಸಿ" ಅಂದರು. ಒಬ್ಬ ಜರ್ಮನಿ ಮೇಲೆ ಬೆರಳಿಟ್ಟ, ಇನ್ನೊಬ್ಬಳು ಇಟಲಿ. ನಾನು ಇರಾಕ್ ತೋರಿಸಿದೆ. ಆ ಏಪ್ರಿಲ್‌ನಲ್ಲಷ್ಟೇ ಬಾಗ್ದಾದ್‌ನಲ್ಲಿ ಸದ್ದಾಂ ಹುಸೇನ್ ಪ್ರತಿಮೆ ಉರುಳಿದ್ದನ್ನು ಟಿವಿಯಲ್ಲಿ ನೋಡಿದ್ದೆವು, ಹಾಗಾಗಿ ಆ ಹೆಸರು ಬಾಯಲ್ಲಿತ್ತು.

"ಎಲ್ರೂ ಪಾಸ್‌ಪೋರ್ಟ್ ತಗೊಂಡು ಹೊರಟ್ರಲ್ಲೋ," ಅಂದರು ಸರ್. "ಇಲ್ಲೇ ಇಳೀರಿ."

ಹೋಮ್‌ವರ್ಕ್ ಕೊಟ್ಟರು. ಪಾಠ ಇದ್ದದ್ದು ನಕ್ಷೆಯ ಮಾಪಕದ ಬಗ್ಗೆ. ಶಾಲೆಯಿಂದ ಸುಮಾರು ಎರಡು ಕಿಲೋಮೀಟರ್ ಒಳಗಿನ ಜಾಗಗಳನ್ನು ಡ್ರಾಯಿಂಗ್ ಹಾಳೆ ಮೇಲೆ ಬರೆಯಬೇಕು, ಒಂದು ಸೆಂಟಿಮೀಟರ್‌ಗೆ 250 ಮೀಟರ್. ಸಿಟಿ ರೈಲ್ವೆ ಸ್ಟೇಷನ್, ಖೋಡೇಸ್ ಸರ್ಕಲ್, ಶ್ರೀರಾಂಪುರ, ಆನಂದರಾವ್ ಸರ್ಕಲ್ ಎಲ್ಲ ಬರಬೇಕು. ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲು ಬರಲೇಬೇಕು. ಆಗ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಗಿ, ಇಲ್ಲಿನ ಗೋಡೆಗಳಷ್ಟೇ ಉಳಿದಿದ್ದವು. ಇದರ ಜೊತೆಗೆ ಒಂದು ಪ್ರಶ್ನೆ: "1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ಏನು ನೆನಪಿದೆ ಅಂತ ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬನ್ನಿ."

ನಮ್ಮನೇಲಿ ದೊಡ್ಡೋರು ಅಂದ್ರೆ ತಾತ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಕೇಳಿದೆ.

"ಎಮರ್ಜೆನ್ಸಿನಾ? ರೈಲುಗಳು ಟೈಮ್‌ಗೆ ಸರಿಯಾಗಿ ಬರ್ತಿದ್ವು. ಆಫೀಸಲ್ಲಿ ಯಾರೂ ಲೇಟಾಗಿ ಬರೋ ಹಾಗಿರ್ಲಿಲ್ಲ. ಬರ್ಕೋ."

ಬರ್ಕೊಂಡೆ. ಮಾರನೇ ದಿನ ನೋಡಿದರೆ ಕ್ಲಾಸಿನಲ್ಲಿ ಮುಕ್ಕಾಲು ಜನ ಬರೆದಿದ್ದು ಅದನ್ನೇ. ರೈಲು ಟೈಮ್‌ಗೆ ಬರ್ತಿತ್ತು. ಅಂಗಡಿ ಮುಂದೆ ರೇಟ್ ಬೋರ್ಡ್ ಹಾಕ್ತಿದ್ರು. ಒಬ್ಬ ಹುಡುಗಿಯ ಅಪ್ಪ 'ಆಪರೇಷನ್‌ಗೆ ಹೆದರ್ತಿದ್ರು' ಅಂತ ಹೇಳಿದ್ದರಂತೆ; ಯಾವ ಆಪರೇಷನ್ ಅಂತ ಅವಳಿಗೂ ಗೊತ್ತಿಲ್ಲ, ನಮಗೂ ಇಲ್ಲ. ಮಂಡ್ಯ ಕಡೆಯ ಹುಡುಗನೊಬ್ಬನ ಅಜ್ಜಿ ಮಾತ್ರ ಬೇರೆ ಹೇಳಿದ್ದರು: ಗೇಣಿ ಮಾಡುತ್ತಿದ್ದ ಜಮೀನು ತಮ್ಮ ಹೆಸರಿಗೆ ಆಗಿದ್ದು ಆ ಕಾಲದಲ್ಲೇ, ಅರಸು ಪುಣ್ಯಾತ್ಮ, ಇಂದಿರಮ್ಮ ದೇವತೆ. ಸರ್ ಅದನ್ನು ಅಳಿಸು ಅನ್ನಲಿಲ್ಲ. "ಇದೂ ನಿಜಾನೇ, ಹಾಗೇ ಇರ್ಲಿ" ಅಂದರು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರದ್ದು. ಟ್ರಿಬ್ಯುನಲ್‌ಗಳಲ್ಲಿ ಗೇಣಿದಾರರ ಅರ್ಜಿಗಳು ವಿಚಾರಣೆ ಆಗುತ್ತಿದ್ದದ್ದು ಈ ವರ್ಷಗಳಲ್ಲೇ.

ಆಮೇಲೆ ಸರ್ ಪಾಠಕ್ಕೆ ಬಂದರು. ಈಗ ನಿಮ್ಮಲ್ಲಿ ಅನೇಕರಿಗೆ ಇದು ಗೊತ್ತಿರಬಹುದು, ನಮಗೆ ಆಗ ಒಂದಕ್ಷರವೂ ಗೊತ್ತಿರಲಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದರು. ಸಂವಿಧಾನದ 352ನೇ ವಿಧಿ, ಕಾರಣ 'ಆಂತರಿಕ ಗಲಭೆ'. ಬೆಳಗಾಗುವುದರೊಳಗೆ ದೇಶದ ತುಂಬ ಬಂಧನ ಶುರುವಾಗಿತ್ತು. ಪಕ್ಷಾಂತರ ನಿಷೇಧ ಮಸೂದೆ ಬಗ್ಗೆ ಸಂಸತ್ತಿನ ಸಮಿತಿಯೊಂದರ ಸಭೆಗೆ ಅಂತ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ್‌ನಂದನ್ ಮಿಶ್ರಾ ಬೆಂಗಳೂರಿಗೆ ಬಂದು ಶಾಸಕರ ಭವನದಲ್ಲಿ ಉಳಿದಿದ್ದರು. ಜೂನ್ 26ರ ಬೆಳಗ್ಗೆ ಪೊಲೀಸರು ಅಲ್ಲಿಗೇ ಬಂದರು. ನಾಲ್ವರೂ ಇದೇ ಸೆಂಟ್ರಲ್ ಜೈಲಿಗೆ.

"ನಿಮ್ಮ ನಕ್ಷೇಲಿ ಓಕಳಿಪುರಂಯಿಂದ ಜೈಲಿಗೆ ಎಷ್ಟು ದೂರ?" ಅಂತ ಕೇಳಿದರು ಸರ್.

ಸ್ಕೇಲ್ ಇಟ್ಟು ಅಳೆದೆವು. ನನ್ನದು ಎಂಟು ಸೆಂಟಿಮೀಟರ್ ಹತ್ತಿರ. ಅಂದರೆ ಎರಡು ಕಿಲೋಮೀಟರ್, ನಡೆದರೆ ಅರ್ಧ ಗಂಟೆ. ಅಲ್ಲಿ ಒಳಗೆ ಜನರನ್ನು ವಿಚಾರಣೆ ಇಲ್ಲದೆ ಇಟ್ಟಿದ್ದರು, ಇಲ್ಲಿ ನಮ್ಮ ಮನೆಗಳಲ್ಲಿ ನೆನಪಿರೋದು ರೈಲಿನ ಟೈಮು. ಸರ್ ಇದನ್ನು ಹೀಗೆ ಬಿಡಿಸಿ ಹೇಳಲಿಲ್ಲ. ಸ್ಕೇಲ್ ಇಡಿಸಿದರು, ಅಷ್ಟೇ.

ಇನ್ನೊಂದು ಅಳತೆಯನ್ನೂ ಮಾಡಿಸಿದರು. ಮಧು ದಂಡವತೆ ಬೆಂಗಳೂರು ಜೈಲಿನಲ್ಲಿ, ಅವರ ಹೆಂಡತಿ ಪ್ರಮೀಳಾ ಪುಣೆಯ ಯರವಡಾ ಜೈಲಿನಲ್ಲಿ, ಇಬ್ಬರೂ ಒಂದೂವರೆ ವರ್ಷ. ಅಟ್ಲಾಸ್ ತೆಗೆದು, ಹೆದ್ದಾರಿಯ ಗೆರೆ ಮೇಲೆ ದಾರ ಇಟ್ಟು ಅಳೆಯಿರಿ ಅಂದರು. 840 ಕಿಲೋಮೀಟರ್ ಆಸುಪಾಸು ಬಂತು. ಅಷ್ಟು ದೂರ ಕಾಗದ ಹೋಗಬೇಕು, ಹೋಗುವ ಮೊದಲು ಜೈಲಿನವರು ಓದಬೇಕು. ಗಂಡ ಹೆಂಡತಿ ಬರೆದದ್ದನ್ನ ಮೂರನೆಯವನು ಓದ್ತಾನೆ ಅಂದಾಗ ಹಿಂದಿನ ಬೆಂಚಿನವರು ಕಿಸಕ್ಕಂತ ನಕ್ಕರು. ಸರ್ ಸಿಟ್ಟು ಮಾಡಲಿಲ್ಲ. "ನಿನ್ ಡೈರಿ ನಾನು ದಿನಾ ಓದ್ತೀನಿ ಅಂದ್ಕೋ. ನೀನು ಅದ್ರಲ್ಲಿ ಏನ್ ಬರೀತೀಯ?" ಅಂದರು. ಆ ಪ್ರಶ್ನೆಗೆ ಯಾರೂ ನಗಲಿಲ್ಲ.

ಸ್ನೇಹಲತಾ ರೆಡ್ಡಿ ಹೆಸರು ಕೇಳಿದ್ದೂ ಅದೇ ಪೀರಿಯಡ್‌ನಲ್ಲಿ. 'ಸಂಸ್ಕಾರ' ಸಿನಿಮಾದ ಚಂದ್ರಿ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಈ ಜೈಲಿನಲ್ಲಿಟ್ಟರು. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದ ಕಾಲ ಅದು. ಅವರಿಗಾಗಿ ಹುಡುಕುತ್ತಿದ್ದ ಪೊಲೀಸರು ತಮ್ಮ ಲಾರೆನ್ಸ್‌ರನ್ನು ಇದೇ ಬೆಂಗಳೂರಿನಲ್ಲಿ ಹಿಡಿದು ಹಿಂಸಿಸಿದ್ದರು. ಸ್ನೇಹಲತಾ ಅವರಿಗೆ ಅಸ್ತಮಾ. ಎಂಟು ತಿಂಗಳು ಒಳಗಿದ್ದರು, ಡೈರಿ ಬರೆದರು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಐದು ದಿನ. ಇದನ್ನು ಹೇಳುವಾಗ ಸರ್ ಕಿಟಕಿ ಕಡೆ ತಿರುಗಿದ್ದರು. ಅವತ್ತು ಯಾವ ರೈಲೂ ಬರಲಿಲ್ಲ.

ದೇಶದಲ್ಲಿ ಆ 21 ತಿಂಗಳಲ್ಲಿ ಹೀಗೆ ಒಳಗೆ ಹೋದವರ ಸಂಖ್ಯೆ 1 ಲಕ್ಷದ 10 ಸಾವಿರಕ್ಕೂ ಹೆಚ್ಚು. ಆಮೇಲೆ ಕೂತ ಶಾ ಆಯೋಗ ಕೊಟ್ಟ ಲೆಕ್ಕ ಇದು.

ಮುಂದಿನ ವಾರ ಭಾರತದ ಖಾಲಿ ನಕ್ಷೆ, ಬಣ್ಣದ ಪೆನ್ಸಿಲ್. 1977ರ ಚುನಾವಣೆ. ಕಾಂಗ್ರೆಸ್‌ಗೆ ಉತ್ತರ ಪ್ರದೇಶದ 85ರಲ್ಲಿ ಸೊನ್ನೆ, ಬಿಹಾರದ 54ರಲ್ಲಿ ಸೊನ್ನೆ. ಆಂಧ್ರದ 42ರಲ್ಲಿ 41. ಕರ್ನಾಟಕದ 28ರಲ್ಲಿ 26. ಬಣ್ಣ ಹಚ್ಚಿ ಮುಗಿಸಿ ನೋಡಿದರೆ ದೇಶ ಅಡ್ಡಡ್ಡ ಎರಡು ಭಾಗ ಆದ ಹಾಗಿತ್ತು. ಮರುವರ್ಷ ಇಂದಿರಾ ಗಾಂಧಿ ಸಂಸತ್ತಿಗೆ ವಾಪಸ್ ಹೋದದ್ದೂ ನಮ್ಮ ಚಿಕ್ಕಮಗಳೂರಿನಿಂದಲೇ.

"ಯಾಕೆ?" ಅಂದರು ಸರ್. ಬಲವಂತದ ಸಂತಾನಹರಣ ಆಪರೇಷನ್ನು (ಆ ಹುಡುಗಿಯ ಅಪ್ಪ ಹೇಳಿದ್ದು ಇದನ್ನೇ), ದಿಲ್ಲಿಯ ತುರ್ಕಮಾನ್ ಗೇಟ್‌ನಲ್ಲಿ ಮನೆ ಕೆಡವಿದ್ದು, ಇಂಥವುಗಳ ಬಿಸಿ ಉತ್ತರದಲ್ಲಿ ಹೆಚ್ಚು ತಟ್ಟಿತು. ನಮ್ಮಲ್ಲಿ ಅರಸು ಇದ್ದರು, ಜಮೀನು ಸಿಕ್ಕಿದವರಿದ್ದರು. ಪೇಪರ್‌ಗೆ ಸೆನ್ಸಾರ್, ಅಲ್ಲಿಯ ಸುದ್ದಿ ಇಲ್ಲಿಗೆ ಬರುತ್ತಿರಲಿಲ್ಲ. ಇಷ್ಟು ಸರ್ ಹೇಳಿದ್ದು. ನನಗೆ ಈಗಲೂ ಅನ್ನಿಸೋದು, ಇನ್ನೊಂದು ಕಾರಣವನ್ನು ಅವರು ಬೇಕಂತಲೇ ನಮ್ಮ ಮನೆಗಳಿಗೆ ಬಿಟ್ಟಿದ್ದರು.

ಆ ಭಾನುವಾರ ನಡುಮನೆಯಲ್ಲಿ ಹಾಳೆ ಹರಡಿಕೊಂಡು ನಕ್ಷೆಗೆ ಇಂಕ್ ಹಾಕುತ್ತಿದ್ದೆ. ತಾತ ಪೇಪರ್ ಮಡಚಿಟ್ಟು ಬಂದು ಬಗ್ಗಿ ನೋಡಿದರು. ಪ್ಲಾಟ್‌ಫಾರ್ಮ್ ರಸ್ತೆ ಸೊಟ್ಟಗಿದೆ ಅಂದರು. ಆಮೇಲೆ ಖೋಡೇಸ್ ಸರ್ಕಲ್ ದಾಟಿ ಶೇಷಾದ್ರಿ ರಸ್ತೆ ಶುರುವಾಗೋ ಕಡೆ ಬೆರಳಿಟ್ಟು, ತುಂಬ ಹೊತ್ತು ತೆಗೆಯಲಿಲ್ಲ.

"ಇಲ್ಲಿ ನಾನು ರಸ್ತೆ ದಾಟ್ಬಿಟ್ಟೆ ಮರೀ," ಅಂದರು.

ನನಗೆ ಅರ್ಥ ಆಗಲಿಲ್ಲ. ಅವರೇ ಹೇಳಿದರು. 1974ರ ಮೇ 8ಕ್ಕೆ ಶುರುವಾಗಿ 20 ದಿನ ನಡೆದ ರೈಲ್ವೆ ಮುಷ್ಕರ. ತಾತನೂ ಹೋಗಿದ್ದರು. ಮೂರನೇ ದಿನ ಹೆದರಿ ಡ್ಯೂಟಿಗೆ ವಾಪಸ್ಸು. ಅವರ ಪಕ್ಕದ ಮೇಜಿನ ಗೆಳೆಯ ಕೊನೆಯವರೆಗೂ ನಿಂತ, ಕೆಲಸ ಹೋಯಿತು. ದೇಶದಲ್ಲಿ ಅಂಥವರು ಸಾವಿರಾರು ಜನ. ಆತ ಶ್ರೀರಾಂಪುರದ ಹಿಟ್ಟಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ಅಲ್ಲೀತನಕ ಅವರ ಮನೆಯ ಒಬ್ಬಟ್ಟು ನಮ್ಮನೆಗೆ, ನಮ್ಮನೆಯದು ಅಲ್ಲಿಗೆ ಹೋಗುತ್ತಿತ್ತಂತೆ.

"76ನೇ ಇಸವಿ, ಮಳೆಗಾಲ. ನಾನು ಈ ಕಡೆಯಿಂದ ಹೋಗ್ತಿದ್ದೆ, ಅವ್ನು ಜೈಲಿನ ಕಡೆಯಿಂದ ಬರ್ತಿದ್ದ. ಕೈಯಲ್ಲಿ ಟಿಫನ್ ಕ್ಯಾರಿಯರ್ರು. ಒಳಗಿದ್ದ ಯೂನಿಯನ್ನೋರು ಯಾರಿಗೋ ಊಟ ಕೊಟ್ಟು ಬರ್ತಿದ್ದ. ಕೈ ಎತ್ತಿದ. ಯಾರಾದ್ರೂ ನೋಡ್ತಾರೇನೋ, ನಮ್ಮ ಆಫೀಸಿಗೆ ಹೇಳ್ತಾರೇನೋ ಅಂತ ನಾನು ಆ ಪಕ್ಕಕ್ಕೆ ಹೊರಟೋದೆ."

"ಯಾರಾದ್ರೂ ನೋಡಿದ್ರಾ?"

"ಯಾರೂ ಇರ್ಲಿಲ್ವೋ. ಮಳೆ ಬರ್ತಿತ್ತು."

ಅಜ್ಜಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಅದು ಹೊಸ ಸುದ್ದಿ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. 27 ವರ್ಷ ಅದೇ ಮನೆಯಲ್ಲಿ ಇಟ್ಟುಕೊಂಡಿದ್ದ ಮಾತು.

ಮುಂದಿನದನ್ನು ತಾತ ನಗುತ್ತಾ ಹೇಳಲು ನೋಡಿದರು, ನಗು ಸರಿಯಾಗಿ ಬರಲಿಲ್ಲ. 1977ರಲ್ಲಿ ಜನತಾ ಸರ್ಕಾರ ಬಂತು. ರೈಲ್ವೆ ಮಂತ್ರಿ ಯಾರು ಅಂದುಕೊಂಡಿರಿ? ಮಧು ದಂಡವತೆ. ನಮ್ಮ ಮನೆಯಿಂದ ಎಂಟು ಸೆಂಟಿಮೀಟರ್ ದೂರದ ಜೈಲಿನಲ್ಲಿ ಒಂದೂವರೆ ವರ್ಷ ಇದ್ದವರು. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ಅವರು ವಾಪಸ್ ತಗೊಂಡರು. (ಸ್ಲೀಪರ್‌ನ ಮರದ ಹಲಗೆಗೆ ಫೋಮ್ ಮೆತ್ತೆ ಹಾಕಿಸಲು ಶುರು ಮಾಡಿದ್ದೂ ಅವರೇ. ದಸರೆಗೆ, ದೀಪಾವಳಿಗೆ ಊರಿಗೆ ಹೋಗುವಾಗ ಬೆನ್ನಿಗೆ ತಾಗುವುದು ಆ ಮನುಷ್ಯನ ಐಡಿಯಾ.) ತಾತನ ಗೆಳೆಯ ಮತ್ತೆ ಅದೇ ಪಕ್ಕದ ಮೇಜಿಗೆ ಬಂದು ಕೂತ.

"ಏನಂದ್ರು ನಿಮಗೆ?"

"ಏನೂ ಅನ್ಲಿಲ್ಲ. 'ಕಾಫಿಗೆ ಹೋಗೋಣ ಬಾರಯ್ಯ' ಅಂದ. ಬೈದಿದ್ರೆ ಚೆನ್ನಾಗಿತ್ತು."

ತಾತ ಕ್ಷಮೆ ಕೇಳಲಿಲ್ಲ. ಕೇಳಬೇಕು ಅಂತ ಇದ್ದಾಗಲೇ ಆತನಿಗೆ ಹುಬ್ಬಳ್ಳಿಗೆ ವರ್ಗ ಆಯಿತು. ಒಂದೆರಡು ಗ್ರೀಟಿಂಗ್ ಕಾರ್ಡ್ ಬಂದವು, ಆಮೇಲೆ ಅದೂ ಇಲ್ಲ.

ನಕ್ಷೆಯಲ್ಲಿ ಆ ಜಾಗಕ್ಕೆ ನಾನೊಂದು ಸಣ್ಣ ಕ್ರಾಸ್ ಹಾಕಿದೆ, ಹೆಸರು ಬರೆಯಲಿಲ್ಲ. ಸರ್ ನೋಡಿ "ಇದೇನು? ಸೂಚಿಯಲ್ಲಿ ಇಲ್ವಲ್ಲ" ಅಂದರು. ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. 10ಕ್ಕೆ 7 ಹಾಕಿದ್ದನ್ನು ಬದಲಿಸಲಿಲ್ಲ, ಯಾಕೆಂದರೆ ಉತ್ತರ ದಿಕ್ಕಿನ ಬಾಣ ಹಾಕುವುದನ್ನು ಮರೆತಿದ್ದೆ. ಕ್ರಾಸ್ ಹಾಗೇ ಇರಲಿ ಅಂದರು.

ಈಗ ಆ ಜೈಲು ಫ್ರೀಡಂ ಪಾರ್ಕ್. ತೆರೆದದ್ದು 2008ರಲ್ಲಿ. ನಡುವಿನ ಕಾವಲು ಗೋಪುರವನ್ನು ಹಾಗೇ ಉಳಿಸಿದ್ದಾರೆ. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕು ಅಂದರೆ 2021ರ ನಿಯಮದ ಪ್ರಕಾರ ಅಲ್ಲಿ ಮಾತ್ರ ಮಾಡಬೇಕು, ಜೈಲಿದ್ದ ಕಾಂಪೌಂಡಿನೊಳಗೆ! ಇದನ್ನು ನಮ್ಮ ಸರ್ ಕೇಳಿದ್ದರೆ ಮತ್ತೊಂದು ಹೋಮ್‌ವರ್ಕ್ ಕೊಡುತ್ತಿದ್ದರು ಅಂತ ಆ ಕಡೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೆಲ್ಲ ಅಂದುಕೊಳ್ಳುತ್ತೇನೆ.

ಪಾರ್ಕ್ ಶುರುವಾದ ಮರುವರ್ಷ ತಾತನನ್ನು ಕರೆದುಕೊಂಡು ಹೋಗಿದ್ದೆ. ಬ್ಯಾರಕ್ ನೋಡಿದರು, ಗೋಪುರದ ಕಡೆ ಕತ್ತೆತ್ತಿ ನೋಡಿದರು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು ಕಡ್ಲೆಕಾಯಿ ಬಿಡಿಸಿ ತಿಂದರು. ಆಟೋ ಹಿಡಿಯೋಣ ಅಂದರೆ ಬೇಡ ಅಂದರು, ಮಂಡಿನೋವಿದ್ದರೂ ನಡೆದೇ ಹೊರಟರು. ಖೋಡೇಸ್ ಸರ್ಕಲ್ ಹತ್ತಿರ ಬಂದಾಗ ನನ್ನ ಕೈ ಹಿಡಿದುಕೊಂಡು ನಿಂತರು. ಅಲ್ಲಿಯವರೆಗೂ 'ಅವನು' ಅಂತಲೇ ಹೇಳುತ್ತಿದ್ದ ಆ ಗೆಳೆಯನ ಹೆಸರನ್ನು ಅವತ್ತು ಮೊದಲ ಸಲ ಹೇಳಿದರು, ಇನಿಷಿಯಲ್ ಸಮೇತ.