ಸವೆದ ಬೋಲ್ಟು: ಮನೆಯಂಗಳದ ಬ್ರೇಕ್ ದುರಸ್ತಿಯಲ್ಲಿ ತಾಳ್ಮೆಯ ಪಾಠ

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಮುಂತಾದ ಬಡಾವಣೆಗಳಲ್ಲಿ ರಜಾದಿನದ ಬೆಳಗಿನಲ್ಲಿ ಒಮ್ಮೊಮ್ಮೆ ಕಾಣಸಿಗುವ ದೃಶ್ಯವೊಂದುಂಟು. ಮನೆಯ ಮುಂದೆ ನಿಂತ ಕಾರಿನ ಒಂದು ಚಕ್ರ ಬಿಚ್ಚಿದೆ. ಪಕ್ಕದಲ್ಲಿ ಹಾಸಿದ ಗೋಣಿಚೀಲದ ಮೇಲೆ ಸ್ಪ್ಯಾನರುಗಳು. ಮನೆಯ ಯಜಮಾನರು ಮಂಡಿಯೂರಿ ಕುಳಿತಿದ್ದಾರೆ. ಬ್ರೇಕಿನ ಪ್ಯಾಡ್ ಬದಲಾಯಿಸುವುದು ಒಂದು ಗಂಟೆಯ ಕೆಲಸವೆಂದು ಆರಂಭವಾದದ್ದು, ಒಂದೇ ಒಂದು ಬೋಲ್ಟಿನ ತಲೆ ಸವೆದು ಸ್ಪ್ಯಾನರ್ ಜಾರತೊಡಗಿದೊಡನೆ ಇಡೀ ದಿನವನ್ನು ನುಂಗುತ್ತದೆ. ಆಗ ಇನ್ನಷ್ಟು ಬಲ ಹಾಕುವುದು ಮನುಷ್ಯ ಸ್ವಭಾವ. ಆದರೆ ಹಿಡಿತವಿಲ್ಲದ ಬಲ ಬೋಲ್ಟನ್ನು ಮತ್ತಷ್ಟು ಸವೆಸುತ್ತದೆ. ಜಾರಿದ ಪ್ರತಿಯೊಂದು ಯತ್ನವೂ ಮುಂದಿನ ಯತ್ನದ ಅವಕಾಶವನ್ನು ಕಿರಿದುಗೊಳಿಸುತ್ತದೆ. ಆದುದರಿಂದ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕಡೆಗೆ ಮಾಡಬೇಕು, ಎಲ್ಲಿ ಕೈಬಿಡಬೇಕು ಎಂಬ ಕ್ರಮವನ್ನು ತಿಳಿಯುವುದು ಅಗತ್ಯ.

ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇರುತ್ತದೆ. ಚಕ್ರದೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡು ಪ್ಯಾಡುಗಳು ಇಬ್ಬದಿಯಿಂದ ಅದುಮಿ ನಿಲ್ಲಿಸುತ್ತವೆ. ಹಾಗೆ ಅದುಮಿಸುವ ಅಂಗವೇ ಕ್ಯಾಲಿಪರ್. ಇದನ್ನು ಎರಡು ಸಣ್ಣ ಬೋಲ್ಟುಗಳು ಜಾರುವ ಪಿನ್ನುಗಳಿಗೆ ಜೋಡಿಸುತ್ತವೆ. ಅದರ ಚೌಕಟ್ಟನ್ನು ಎರಡು ದೊಡ್ಡ ಬೋಲ್ಟುಗಳು ಚಕ್ರದ ಹಿಂದಿನ ಎರಕದ ಭಾಗಕ್ಕೆ ಬಿಗಿದಿಡುತ್ತವೆ. ಓಡುವ ಕಾರನ್ನು ನಿಲ್ಲಿಸುವಾಗ ಹುಟ್ಟುವ ಬಲವೆಲ್ಲ ಈ ಕೆಲವೇ ಬೋಲ್ಟುಗಳ ಮೂಲಕ ಹಾಯುತ್ತದೆ.

ಬೋಲ್ಟು ಕೆಡುವುದರಲ್ಲಿ ಎರಡು ಬಗೆ. ಮೊದಲನೆಯದು ತಲೆಯ ಕೇಡು. ಬೋಲ್ಟಿನ ತಲೆಗೆ ಆರು ಮುಖ, ಆರು ಮೂಲೆ. ಸ್ಪ್ಯಾನರ್ ಸಡಿಲವಾಗಿ ಕುಳಿತರೆ ಬಲವೆಲ್ಲ ಮೂಲೆಗಳ ಮೇಲೆ ಬಿದ್ದು ಅವು ಮೊಂಡಾಗುತ್ತವೆ. ಕಡೆಗೆ ತಲೆಯೇ ಉರುಟಾಗುತ್ತದೆ. ಎರಡನೆಯದು ಎಳೆಯ ಕೇಡು. ಬೋಲ್ಟಿನ ಮೈಮೇಲೆ ಅಥವಾ ಅದು ಕೂರುವ ರಂಧ್ರದೊಳಗೆ ಸುರುಳಿಯಾಗಿ ಸಾಗುವ ತಿರುಪಿನ ಎಳೆಗಳು ಕಿತ್ತುಹೋಗುತ್ತವೆ. ಗ್ಯಾರೇಜಿನವರು ‘ಥ್ರೆಡ್ ಹೋಗಿದೆ’ ಎನ್ನುವುದು ಇದನ್ನೇ. ಮೊದಲನೆಯದರಲ್ಲಿ ಬಿಚ್ಚಲು ಬರುವುದಿಲ್ಲ. ಎರಡನೆಯದರಲ್ಲಿ ಬಿಗಿಯಲು ಬರುವುದಿಲ್ಲ. ಮೊದಲನೆಯದು ಕೆಲಸವನ್ನು ನಿಲ್ಲಿಸುತ್ತದೆ. ಎರಡನೆಯದು ಗಮನಕ್ಕೆ ಬಾರದೆ ಹೋದರೆ ಪ್ರಾಣಕ್ಕೆ ಎರವಾಗುತ್ತದೆ.

ತಲೆ ಸವೆಯಲು ಕಾರಣಗಳೇನು? ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ಹಿರಿಯರ ಕಾಲದ ಸಲಕರಣೆ ಪೆಟ್ಟಿಗೆ ಇನ್ನೂ ಉಳಿದಿರುವುದುಂಟು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಮೂಡಿದ ಅಂಬಾಸಿಡರ್ ಕಾರಿನ ಕಾಲದಲ್ಲಿ ಅಂಗುಲದ ಅಳತೆಯ ಸ್ಪ್ಯಾನರುಗಳು ಮನೆ ಸೇರಿದವು. ೧೯೮೩ರಲ್ಲಿ ಬಂದ ಮಾರುತಿಯೂ ಆಮೇಲಿನ ಕಾರುಗಳೂ ಮಿಲಿಮೀಟರ್ ಅಳತೆಯವು. ೧೧/೧೬ ಅಂಗುಲವೆಂದರೆ ೧೭.೪೬ ಮಿಲಿಮೀಟರ್. ಆ ಸ್ಪ್ಯಾನರನ್ನು ೧೭ ಮಿಲಿಮೀಟರಿನ ತಲೆಗೆ ಹಾಕಿದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರಿನಷ್ಟು ಸಡಿಲ. ೯/೧೬ ಅಂಗುಲವೆಂದರೆ ೧೪.೨೯ ಮಿಲಿಮೀಟರ್, ೧೪ರ ತಲೆಗೆ ಅದೂ ಸಡಿಲವೇ. ೩/೪ ಅಂಗುಲ ಮಾತ್ರ ೧೯.೦೫ ಮಿಲಿಮೀಟರಾಗಿ ೧೯ರ ತಲೆಗೆ ಹೊಂದಿಕೊಳ್ಳುತ್ತದೆ. ಈ ಒಂದು ಹೊಂದಿಕೆಯನ್ನು ಕಂಡವರು ಉಳಿದವೂ ಹೊಂದಿಯಾವೆಂದು ನಂಬಿ ಮೋಸಹೋಗುತ್ತಾರೆ. ಶಾಲೆಯಲ್ಲಿ ಕಲಿತ ಭಿನ್ನರಾಶಿ ಹೀಗೆ ಮನೆಯಂಗಳದಲ್ಲಿ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಕಾರಣ ತುಕ್ಕು. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪು ಬೋಲ್ಟುಗಳನ್ನು ಬೇಗ ತಿನ್ನುತ್ತದೆ. ಬೆಂಗಳೂರಿನಲ್ಲಿ ಆ ಉಪದ್ರವವಿಲ್ಲ. ಆದರೆ ಮಳೆಗಾಲದಲ್ಲಿ ತಗ್ಗಿನ ರಸ್ತೆಗಳ ನಿಂತ ನೀರಿನಲ್ಲಿ ಹಾದು, ಬಳಿಕ ವಾರಗಟ್ಟಲೆ ಓಡದೆ ಮನೆಯ ಮುಂದೆ ನಿಲ್ಲುವ ಕಾರುಗಳು ಇಲ್ಲಿ ಅನೇಕ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಎಳೆಗಳ ನಡುವೆ ಬೆಣೆಯಂತೆ ಸೇರಿ ಬೋಲ್ಟನ್ನು ಕಚ್ಚಿಹಿಡಿಯುತ್ತದೆ.

ಮೂರನೆಯದು ದಿಕ್ಕಿನ ಭ್ರಮೆ. ಕ್ಯಾಲಿಪರಿನ ಬೋಲ್ಟುಗಳ ತಲೆ ಸಾಮಾನ್ಯವಾಗಿ ಕಾರಿನ ಒಳಬದಿಗೆ ಮುಖಮಾಡಿರುತ್ತದೆ. ಹೊರಗೆ ಕುಳಿತವನು ಕೈಯನ್ನು ಹಿಂದಕ್ಕೆ ಚಾಚಿ ತಿರುಗಿಸುವಾಗ ಎಡಬಲ ಅದಲುಬದಲಾದಂತೆ ತೋರುತ್ತದೆ. ಬಿಚ್ಚುತ್ತೇನೆಂದು ಬಗೆದು ಬಿಗಿಯುತ್ತಿರುವವರು ಕಡಮೆಯಿಲ್ಲ. ಬೋಲ್ಟಿನ ತಲೆಗೆ ಎದುರಾಗಿ ನಿಂತಂತೆ ಭಾವಿಸಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸತಕ್ಕದ್ದು.

ಇನ್ನು ಕೆಲಸದ ಕ್ರಮ. ಎಲ್ಲಕ್ಕೂ ಮೊದಲು ಕಾರು ಅಲುಗದಂತೆ ನಿಲ್ಲಬೇಕು. ಬೆಂಗಳೂರಿನ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೆ ನೀರಿನ ಸಂಪು ಇರುವುದು ವಾಡಿಕೆ. ಸಂಪಿನ ಮುಚ್ಚಳದ ಮೇಲಾಗಲಿ ಗೇಟಿನ ಮುಂದಿನ ಇಳಿಜಾರಿನ ಮೇಲಾಗಲಿ ಜಾಕ್ ಇಡಲೇಕೂಡದು. ಗಟ್ಟಿಯಾದ ಸಮನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿದ ಮೇಲೆ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಹಟಮಾರಿ ಬೋಲ್ಟನ್ನು ಎಳೆದಾಡುವಾಗ ಕಾರು ಕುಲುಕುವುದರಿಂದ ಜಾಕ್ ಒಂದನ್ನೇ ನಂಬುವುದು ಅಪಾಯ.

ಸ್ಪ್ಯಾನರ್ ಮೊದಲ ಸಲ ಜಾರಿದಾಗಲೇ ಕೈ ತಡೆಯಬೇಕು. ತಲೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಎಳೆಗಳ ಬಾಯಿಗೆ ಹಾಕಿ, ಕೆಲವು ಗಂಟೆಗಳ ಕಾಲ, ಸಾಧ್ಯವಾದರೆ ಒಂದು ರಾತ್ರಿ ಬಿಡುವುದು ಲೇಸು. ಎಣ್ಣೆ ತಟ್ಟೆಗಾಗಲಿ ಪ್ಯಾಡಿಗಾಗಲಿ ತಾಗಬಾರದು; ತಾಗಿದರೆ ಬ್ರೇಕ್ ಹಿಡಿಯದು. ಬಳಿಕ ತಲೆಯ ಮೇಲೆ ಸುತ್ತಿಗೆಯಿಂದ ಹದವಾಗಿ ಬಡಿದರೆ ತುಕ್ಕಿನ ಕಚ್ಚು ಬಿರುಕುಬಿಡುತ್ತದೆ. ಆಮೇಲೆ ಸರಿಯಳತೆಯ, ಆರು ಮುಖದ ಸಾಕೆಟ್ಟನ್ನು ಪೂರ್ತಿ ಕೂರಿಸಿ ನಿಧಾನವಾಗಿ ಬಲ ಕೊಡಬೇಕು. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಮೂಲೆಗಳ ಬಳಿ ಹಿಡಿಯುತ್ತದೆ. ಆರು ಮುಖದ್ದು ಬಲವನ್ನು ಮುಖಗಳ ಮೇಲೆ ಹರಡುತ್ತದೆ. ಬೋಲ್ಟಿನೊಡನೆ ಪಿನ್ನೂ ಸುತ್ತುತ್ತಿದ್ದರೆ ತೆಳುವಾದ ಸ್ಪ್ಯಾನರಿನಿಂದ ಪಿನ್ನನ್ನು ತಡೆಹಿಡಿಯಬೇಕು.

ಇಷ್ಟಕ್ಕೂ ಜಗ್ಗದಿದ್ದರೆ ತುಸು ಕಿರಿದಾದ ಸಾಕೆಟ್ಟನ್ನು ತಲೆಯ ಮೇಲೆ ಬಡಿದು ಕೂರಿಸುವುದು, ಇಲ್ಲವೆ ತಲೆಯ ಎರಡು ಎದುರುಬದಿಗಳನ್ನು ಅರದಿಂದ ಚಪ್ಪಟೆ ಮಾಡಿ ಕಚ್ಚಿನಿಲ್ಲುವ ಇಕ್ಕಳದಿಂದ ಹಿಡಿಯುವುದು ಮುಂದಿನ ಮೆಟ್ಟಿಲು. ಸವೆದ ತಲೆಗೆಂದೇ ಒಳಗೆ ಸುರುಳಿ ಹಲ್ಲುಗಳಿರುವ ಸಾಕೆಟ್ಟುಗಳೂ ದೊರೆಯುತ್ತವೆ. ಅವು ತಿರುಗಿಸಿದಷ್ಟೂ ತಲೆಯನ್ನು ಕಚ್ಚುತ್ತವೆ. ಕೆಲವು ಕಾರುಗಳಲ್ಲಿ ತಟ್ಟೆಯನ್ನು ಹಿಡಿದಿಡುವ ಸಣ್ಣ ಸ್ಕ್ರೂಗಳಿದ್ದು ಅವುಗಳ ತಲೆ ಸುಲಭವಾಗಿ ಹಾಳಾಗುತ್ತದೆ. ಸುತ್ತಿಗೆಯ ಏಟನ್ನೇ ತಿರುವಾಗಿ ಮಾರ್ಪಡಿಸುವ ಸ್ಕ್ರೂಡ್ರೈವರ್ ಅಲ್ಲಿ ಉಪಯುಕ್ತ. ಕ್ಯಾಲಿಪರ್ ಬಿಡಿಸಿದ ಮೇಲೆ ಅದನ್ನು ಬ್ರೇಕಿನ ರಬ್ಬರ್ ಕೊಳವೆಯಲ್ಲಿ ನೇತಾಡಲು ಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಬೇಕು.

ಮನೆಯಲ್ಲಿ ಮಾಡಬಾರದ್ದೂ ಉಂಟು. ಬೆಂಕಿಯಿಂದ ಕಾಯಿಸಿದರೆ ಬೋಲ್ಟು ಸಡಿಲವಾಗುವುದೇನೋ ನಿಜ. ಆದರೆ ಕ್ಯಾಲಿಪರಿನೊಳಗೆ ರಬ್ಬರ್ ಮುದ್ರೆಗಳೂ ಬ್ರೇಕ್ ಆಯಿಲೂ ಇರುತ್ತವೆ. ಮುದ್ರೆ ಸುಟ್ಟರೆ ಆಯಿಲ್ ಸೋರುತ್ತದೆ. ಮೇಲಾಗಿ ಕ್ಲೋರಿನ್ ಬೆರೆತ ಶುಚಿಕಾರಕದ ಪಸೆಯಿರುವಲ್ಲಿ ಉರಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಲ್ಲದು. ಆಯಿಲಿನಿಂದ ಗಾಳಿ ತೆಗೆಯುವ ಬ್ಲೀಡರ್ ಸ್ಕ್ರೂ ಒಳಗೆ ಟೊಳ್ಳು. ಒತ್ತಾಯಿಸಿದರೆ ಮುರಿದೇ ಹೋಗುತ್ತದೆ.

ಎಳೆ ಕಿತ್ತುಹೋದಾಗ ವಿವೇಕ ಇನ್ನೂ ಹೆಚ್ಚು ಬೇಕು. ಕೆಟ್ಟದ್ದು ಬೋಲ್ಟು ಅಥವಾ ಪಿನ್ ಆದರೆ ಹೊಸದನ್ನು ತಂದರಾಯಿತು. ಚೌಕಟ್ಟಿನ ದೊಡ್ಡ ಬೋಲ್ಟು ಕೂರುವ ರಂಧ್ರವೇ ಕೆಟ್ಟಿದ್ದರೆ, ಅದನ್ನು ಕೊರೆದು ಹೊಸ ಎಳೆ ಹಾಕಿ ಉಕ್ಕಿನ ಸುರುಳಿ ತೊಡಿಸುವ ವಿಧಾನವಿದೆ. ರಂಧ್ರ ಒಂದಿಷ್ಟು ಓರೆಯಾದರೂ ಬಲ ಸಮವಾಗಿ ಬೀಳದು. ಆದ್ದರಿಂದ ಇದು ನುರಿತ ಕೆಲಸಗಾರರ ಕೈಗೆ ಬಿಡತಕ್ಕ ಕಾರ್ಯ. ಆಯಿಲ್ ಕೊಳವೆ ಸೇರುವ ರಂಧ್ರ ಕೆಟ್ಟರೆ ಕ್ಯಾಲಿಪರನ್ನೇ ಬದಲಾಯಿಸುವುದು ಕ್ಷೇಮ.

ಸವೆದ ಬೋಲ್ಟನ್ನು ಮತ್ತೆ ಹಾಕಬಾರದು. ಬೀದಿಯ ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟನ್ನೂ ಹಾಕಬಾರದು. ಬೋಲ್ಟಿನ ತಲೆಯ ಮೇಲೆ ೮.೮, ೧೦.೯ ಎಂಬ ಗುರುತುಗಳಿರುತ್ತವೆ. ೧೦.೯ ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು ೧೦೦೦ ನ್ಯೂಟನ್ ಎಳೆತವನ್ನು ತಾಳಬಲ್ಲದ್ದು, ಅದರ ಶೇಕಡಾ ೯೦ರವರೆಗೆ ಶಾಶ್ವತವಾಗಿ ಹಿಗ್ಗದ್ದು ಎಂದರ್ಥ. ೪.೬ ದರ್ಜೆಯ ಸಾಧಾರಣ ಬೋಲ್ಟಿನ ತಾಳಿಕೆ ೪೦೦ ನ್ಯೂಟನ್ ಮಾತ್ರ. ಕಣ್ಣಿಗೆ ಎರಡೂ ಒಂದೇ; ಗುಣದಲ್ಲಿ ಅಜಗಜಾಂತರ. ಮೋಟಾರು ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆ ಈ ಬಡಾವಣೆಗಳಿಗೆ ದೂರವಿಲ್ಲ. ಕಾರಿನ ಮಾದರಿ, ವರ್ಷಗಳನ್ನು ಬರೆದುಕೊಂಡು, ಹಳೆಯ ಬೋಲ್ಟನ್ನೂ ಕೈಯಲ್ಲಿ ಹಿಡಿದು ಹೋದರೆ ತಕ್ಕದ್ದನ್ನು ಹೊಂದಿಸಿ ನೋಡಬಹುದು.

ಹೊಸ ಬೋಲ್ಟನ್ನು ಮೊದಲು ಬೆರಳಿನಿಂದಲೇ ಕೆಲವು ಸುತ್ತು ತಿರುಗಿಸಬೇಕು. ಬೆರಳಿಗೆ ಒಗ್ಗದ ಬೋಲ್ಟು ಎಳೆ ತಪ್ಪಿ ಕುಳಿತಿದೆಯೆಂದೇ ತಿಳಿಯಬೇಕು. ಆಮೇಲೆ ಕಾರಿನ ಕೈಪಿಡಿ ಹೇಳುವಷ್ಟೇ ಬಿಗಿ. ಅನೇಕ ಸಣ್ಣ ಕಾರುಗಳಲ್ಲಿ ಪಿನ್ನಿನ ಬೋಲ್ಟಿಗೆ ೩೦ ನ್ಯೂಟನ್ ಮೀಟರಿನ ಆಸುಪಾಸು ಸಾಕು. ಒಂದು ಅಡಿ ಉದ್ದದ ಹಿಡಿಯ ಮೇಲೆ ೫೦ ಕಿಲೋಗ್ರಾಂ ಭಾರ ಹಾಕಿದರೆ ಸುಮಾರು ೧೫೦ ನ್ಯೂಟನ್ ಮೀಟರ್ ಆಗುತ್ತದೆ, ಅಂದರೆ ಐದು ಪಟ್ಟು. ಭದ್ರವಾಗಿರಲೆಂದು ಮೈಭಾರ ಹಾಕಿ ಬಿಗಿದವರೇ ಮುಂದಿನ ದುರಸ್ತಿಯ ದಿನ ಕಿತ್ತ ಎಳೆಯನ್ನು ಕಾಣುತ್ತಾರೆ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಈ ತಪ್ಪನ್ನು ತಡೆಯುತ್ತದೆ.

ಕೆಲಸ ಮುಗಿದೊಡನೆ ಕಾರು ಹೊರಡಿಸಕೂಡದು. ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ಒತ್ತಿ, ಆಯಿಲ್ ಮಟ್ಟ ನೋಡಿ, ಜನಸಂಚಾರವಿಲ್ಲದ ಕಡೆ ಮೆಲ್ಲನೆ ಓಡಿಸಿ ಪರೀಕ್ಷಿಸಬೇಕು. ಒಂದು ಬೋಲ್ಟಿನ ವಿಷಯದಲ್ಲಿ ಮನಸ್ಸಿಗೆ ಅನುಮಾನ ಉಳಿದಿದ್ದರೂ ಕಾರು ನಿಂತಲ್ಲೇ ನಿಲ್ಲಲಿ. ಮೆಕ್ಯಾನಿಕ್ಕನ್ನು ಮನೆಗೆ ಕರೆಸುವುದರಲ್ಲಿ ಅವಮಾನವಿಲ್ಲ. ಪ್ಯಾಡ್ ಬದಲಾಯಿಸಲು ಕಲಿತವನು ಉಳಿಸುವ ಹಣ ಅಲ್ಪ. ಮರುದಿನ ಅದೇ ಕಾರಿನಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ. ಶಾಲೆಯ ಗೇಟಿನ ಮುಂದೆ ಬೇರೆಯವರ ಮಕ್ಕಳು ರಸ್ತೆ ದಾಟುತ್ತಿರುತ್ತಾರೆ. ಆ ಬೋಲ್ಟನ್ನು ಬಿಗಿಯುವ ಕೈಗೆ ಅಷ್ಟರ ನೆನಪಿದ್ದರೆ ಸಾಕು.