ಲಾರಿಯ ಮೀಟರಿನ ಮುಳ್ಳು ನಿಂತರೆ



ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಕಡೆ ಹರಿದ ಮೇಲೆ ನಮ್ಮ ಸೀಮೆಯ ಹೊಲಗಳ ಬಣ್ಣವೇ ಬೇರೆಯಾಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ಭತ್ತ ಬಂದಲ್ಲಿ ಚೀಲ ಬಂತು, ಚೀಲ ಬಂದಲ್ಲಿ ಲಾರಿ ಬಂತು. ಈಗ ಅಣ್ಣತಮ್ಮಂದಿರು ಕೂಡಿ ಒಂದು ಹಳೇ ಲಾರಿ ಕೊಂಡು ಮಿಲ್ಲಿಗೆ ಮಾಲು ಹೊಡೆಯುವ ಮನೆಗಳು ಉಂಟು. ಅಂಥ ಮನೆಯವರಿಗೆ ಇಂದು ಒಂದು ಸಣ್ಣ ಯಂತ್ರದ ಮಾತು ಹೇಳುತ್ತೇನೆ. ಅದೇ ಲಾರಿಯ ವೇಗಮಾಪಕ. ನಮ್ಮ ಬಾಯಲ್ಲಿ ಮೀಟರು.

“ಮೀಟರು ಕೆಟ್ಟರೆ ಕೆಡಲಿ ಬಿಡ್ರಿ, ಗಾಡಿ ಓಡಿದರೆ ಸಾಕು” ಎನ್ನುವವರು ಬಹಳ. ಆದರೆ ಸ್ವಲ್ಪ ವಿಚಾರ ಮಾಡಿರಿ. ಮೀಟರು ಎರಡು ಕೆಲಸ ಮಾಡುತ್ತದೆ. ಮುಳ್ಳು ವೇಗ ತೋರಿಸುತ್ತದೆ. ಕೆಳಗಿನ ಅಂಕಿಗಳು ಓಡಿದ ದೂರ ಬರೆದಿಡುತ್ತವೆ. ಹೊರಡುವಾಗ ಅಂಕಿ 48,310 ಇತ್ತು, ಬಂದಾಗ 48,394 ಆಯಿತು ಎನ್ನಿ. ಓಡಿದ್ದು 84 ಕಿಲೋಮೀಟರು. ಡೀಸೆಲ್ಲು 20 ಲೀಟರು ಹಿಡಿದಿದ್ದರೆ ಲೀಟರಿಗೆ 4.2 ಕಿಲೋಮೀಟರು ಬಿತ್ತು. ಈ ಲೆಕ್ಕ ಇದ್ದರೆ ಮನೆಯಲ್ಲಿ ಮಾತು ಬೆಳೆಯುವುದಿಲ್ಲ. ಅಂಕಿ ನಿಂತರೆ ಏನಾಗುತ್ತದೆ? ಡೀಸೆಲ್ಲು ಎಲ್ಲಿ ಹೋಯಿತೆಂದು ಅಣ್ಣನಿಗೆ ತಮ್ಮನ ಮೇಲೆ ಸಂಶಯ, ತಮ್ಮನಿಗೆ ಡ್ರೈವರನ ಮೇಲೆ ಸಂಶಯ. ಕದಿಯದವನೂ ಕಳ್ಳನಾಗುತ್ತಾನೆ. ಇಂಜಿನ್ ಆಯಿಲ್ ಬದಲಿಸುವ ಹೊತ್ತೂ ತಪ್ಪಿ, ಇಂಜಿನ್ನಿಗೆ ಕುತ್ತು ಬರುತ್ತದೆ.

ಇನ್ನು ವೇಗದ ಮಾತು. ವೇಗ ಎರಡು ಪಾಲಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಾಲಾಗುತ್ತದೆ. ಚೀಲ ತುಂಬಿದ ಗಾಡಿ ಕಾಲುವೆ ದಂಡೆಯ ರಸ್ತೆಯಲ್ಲಿ ಬರುವಾಗ, ಎದುರಿಗೆ ಶಾಲೆ ಬಿಟ್ಟ ಮಕ್ಕಳು ಬರುವಾಗ, ಅಂದಾಜಿನ ಮೇಲೆ ಗಾಡಿ ಹೊಡೆಯುವುದು ಸರಿಯೇ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ವೇಗಮಾಪಕ ಇರಬೇಕೆಂಬ ಮಾತು ಇದೆ. ಆದುದರಿಂದ ಇದನ್ನು ಸಣ್ಣ ಬಾಬತ್ತೆಂದು ಬಿಡಕೂಡದು.

ಈಗ ಇದು ಹೇಗೆ ನಡೆಯುತ್ತದೆಂದು ನೋಡೋಣ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಕಂಪನಿಯೊಡನೆ ಕೂಡಿ ಲಾರಿ ಮಾಡತೊಡಗಿದ್ದು 1954ರಲ್ಲಿ. ಅಂದಿನಿಂದ ಬಹುಕಾಲ ನಮ್ಮ ದೇಶದ ಲಾರಿಗಳಲ್ಲಿ ತಂತಿಯಿಂದ ತಿರುಗುವ ಮೀಟರೇ ಇತ್ತು. ಹೊಸ ಗಾಡಿಗಳಲ್ಲಿ ವಿದ್ಯುತ್ತಿನ ಸೆನ್ಸರು ಇರುತ್ತದೆ; ಅವುಗಳಿಗೆ ಈ ಮಾತು ಸಲ್ಲದು. ಹಳೇ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಒಂದು ಸಣ್ಣ ಹಲ್ಲಿನ ಚಕ್ರ ಉಂಟು. ಅದಕ್ಕೆ ಒಂದು ಉದ್ದ ಕೇಬಲ್ ಜೋಡಿಸಿರುತ್ತಾರೆ. ಹೊರಗೆ ಕೊಳವೆ, ಒಳಗೆ ಹುರಿ ಹೊಸೆದಂತೆ ಸುತ್ತಿದ ಉಕ್ಕಿನ ತಂತಿ. ತಂತಿಯ ಎರಡು ತುದಿಯೂ ಚೌಕ. ಗಾಡಿ ಓಡಿದರೆ ಕೊಳವೆ ಸುಮ್ಮನಿರುತ್ತದೆ, ಒಳಗಿನ ತಂತಿ ತಿರುಗುತ್ತದೆ.

ತಂತಿಯ ಮೇಲಿನ ತುದಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯೂಮಿನಿಯಮ್ಮಿನ ಸಣ್ಣ ಬಟ್ಟಲು, ಬಟ್ಟಲಿಗೆ ಮುಳ್ಳು. ಒಂದಕ್ಕೊಂದು ತಾಕುವುದೇ ಇಲ್ಲ. “ತಾಕದೆ ಹೇಗೆ ತಿರುಗೀತು?” ಎಂದು ತಾವು ಕೇಳಬಹುದು. ಮಜ್ಜಿಗೆ ಕಡೆಯುವಾಗ ಕಡಗೋಲು ತಿರುಗಿದರೆ ಗಡಿಗೆಯೊಳಗಿನ ಮಜ್ಜಿಗೆಯೂ ಅದರ ಹಿಂದೆ ಸುತ್ತುತ್ತದಲ್ಲವೇ? ಹಾಗೆ, ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿ ಎಬ್ಬಿಸಿ ಅದನ್ನು ತನ್ನ ಹಿಂದೆ ಎಳೆಯುತ್ತದೆ. ಕೂದಲಿನಂಥ ಒಂದು ಸ್ಪ್ರಿಂಗು ಬಟ್ಟಲನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮ ಬಂದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಆಟೋ ಶುಲ್ಟ್ಸೆ ಎಂಬಾತ 1902ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದನು. ದೂರದ ಅಂಕಿಗಳಿಗೆ ಅಯಸ್ಕಾಂತದ ಸಂಬಂಧವಿಲ್ಲ. ಅವು ಅದೇ ತಂತಿಯಿಂದ, ಆದರೆ ಹಲ್ಲಿನ ಚಕ್ರಗಳ ಮೂಲಕ ತಿರುಗುತ್ತವೆ. ಈ ಮಾತು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಮೀಟರು ಕೆಟ್ಟಿತೆಂದರೆ ಮೊದಲು ಸ್ಪ್ಯಾನರು ಹಿಡಿಯಬೇಡಿರಿ. ಕಣ್ಣಿನಿಂದ ನೋಡಿರಿ.

ಒಂದು: ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಎರಡಕ್ಕೂ ಒಂದೇ ತಂತಿ ಜೀವ ಕೊಡುತ್ತದೆ. ಹಾಗಾಗಿ ಬಹುತೇಕ ತಂತಿ ಕಡಿದಿದೆ, ಇಲ್ಲವೆ ನಟ್ಟು ಕಳಚಿದೆ, ಇಲ್ಲವೆ ಗೇರ್‌ಬಾಕ್ಸಿನ ಸಣ್ಣ ಚಕ್ರದ ಹಲ್ಲು ಸವೆದಿದೆ.

ಎರಡು: ಅಂಕಿ ಓಡುತ್ತದೆ, ಮುಳ್ಳು ಏಳುವುದಿಲ್ಲ. ತಂತಿ ಸರಿಯಿದೆ. ದೋಷ ಬಟ್ಟಲು, ಸ್ಪ್ರಿಂಗು ಅಥವಾ ಮುಳ್ಳಿನಲ್ಲಿ.

ಮೂರು: ಮುಳ್ಳು ಸರಿ, ಅಂಕಿ ನಿಂತಿದೆ. ಮೀಟರಿನೊಳಗಿನ ಹಲ್ಲಿನ ಚಕ್ರ ಮುರಿದಿದೆ. ಈ ಎರಡು ಮತ್ತು ಮೂರನೆಯದು ಬಲ್ಲ ಮೀಟರು ಮಿಸ್ತ್ರಿಯ ಕೆಲಸ. ಸ್ಪ್ರಿಂಗು ಬಹಳ ಸೂಕ್ಷ್ಮ, ಮನೆಯಲ್ಲಿ ಬಿಚ್ಚತಕ್ಕದ್ದಲ್ಲ.

ನಾಲ್ಕು: ಮುಳ್ಳು ಹೆದರಿದ ಕುರಿಯಂತೆ ಕುಣಿಯುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ಚಿಂವ್ ಚಿಂವ್ ಸಪ್ಪಳ ಬರುತ್ತದೆ. ತಂತಿ ಒಣಗಿದೆ, ಇಲ್ಲವೆ ಕೊಳವೆ ಎಲ್ಲಿಯೋ ಮಡಚಿದೆ. ನಮ್ಮ ಎರೆಮಣ್ಣಿನ ಹುಡಿ, ಮಳೆಗಾಲದ ರಾಡಿ ಒಳಗೆ ಸೇರಿದರೆ ಇದು ಬೇಗ ಬರುತ್ತದೆ. ಇದನ್ನು ಉದಾಸೀನ ಮಾಡಿದರೆ ತಂತಿ ಕಡಿದು ಮೊದಲನೆಯ ಸ್ಥಿತಿಗೇ ಬರುತ್ತದೆ.

ಈಗ ಕೈಹಚ್ಚುವ ಕ್ರಮ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿರಿ. ಇಂಜಿನ್ನು ಬಂದು ಮಾಡಿ, ಹ್ಯಾಂಡ್ ಬ್ರೇಕು ಹಾಕಿ, ಗಾಲಿಗಳಿಗೆ ಕಲ್ಲು ಕೊಡಿರಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಮೀಟರಿನ ಆಸೆಗೆ ಪ್ರಾಣ ಕೊಡುವುದೇ?

ಮೊದಲು ಮೀಟರಿನ ಹಿಂದಿನ ನಟ್ಟು ಬಿಚ್ಚಿ ಕೇಬಲ್ ಹೊರತೆಗೆಯಿರಿ. ಒಳಗಿನ ತಂತಿಯನ್ನು ಬೆರಳಿನಿಂದ ತಿರುಗಿಸಿರಿ. ಗಾಡಿ ನಿಂತಿರುವಾಗ ಕೆಳಗಿನ ತುದಿಯನ್ನು ಗೇರ್‌ಬಾಕ್ಸು ಹಿಡಿದಿರಬೇಕು. ಆದ್ದರಿಂದ ತಂತಿ ತುಸು ತಿರುಚಿ ನಿಲ್ಲಬೇಕು. ಸುಮ್ಮನೆ ತಿರುಗುತ್ತಲೇ ಹೋದರೆ ತಂತಿ ಕಡಿದಿದೆ, ಅಥವಾ ಕೆಳಗಿನ ಚೌಕ ತುದಿ ಕೂತಿಲ್ಲ, ಅಥವಾ ಸಣ್ಣ ಚಕ್ರ ಹಾಳಾಗಿದೆ. ತಂತಿ ಎಳೆದು ನೋಡಿರಿ. ಅರ್ಧವೇ ಕೈಗೆ ಬಂದರೆ ಉತ್ತರ ಸಿಕ್ಕಿತು.

ತಂತಿ ಇಡಿಯಾಗಿದ್ದರೆ ಗೇರ್‌ಬಾಕ್ಸಿನ ಕಡೆಯೂ ಬಿಚ್ಚಿ ಚೌಕ ತುದಿ ನೋಡಿರಿ. ಮೂಲೆ ಸವೆದು ದುಂಡಾಗಿದ್ದರೆ ಅದು ಹಿಡಿಯುವುದಿಲ್ಲ. ಆಮೇಲೆ ಎಲ್ಲರೂ ಕೆಳಗಿನಿಂದ ಹೊರಬಂದು, ಕಲ್ಲು ಸರಿಸಿ, ಬ್ರೇಕು ಬಿಟ್ಟು, ಗೇರು ತೆಗೆದು, ಗಾಡಿಯನ್ನು ಒಂದೆರಡು ಮಾರು ನೂಕಿಸಿರಿ. ಮತ್ತೆ ಕಲ್ಲು ಕೊಟ್ಟು ಚಕ್ರದ ತೂತನ್ನು ನೋಡಿರಿ. ಮೊದಲು ಬಣ್ಣದ ಚುಕ್ಕೆ ಇಟ್ಟಿದ್ದರೆ ಅದು ತಿರುಗಿತೋ ಇಲ್ಲವೋ ತಿಳಿಯುತ್ತದೆ. ತಿರುಗದಿದ್ದರೆ ಆ ಚಕ್ರ ಬದಲಿಸಬೇಕು.

ಹೊಸ ತಂತಿ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಉದ್ದ, ತುದಿ ಎರಡೂ ಸರಿಹೊಂದಬೇಕು. ಹಾಕುವ ಮೊದಲು ತಂತಿಯ ಒಂದು ತುಂಡನ್ನು ಮೀಟರಿನ ಚೌಕಕ್ಕೆ ಕೊಟ್ಟು ಬೆರಳಿನಿಂದ ತಿರುಗಿಸಿರಿ. ಹಗುರಾಗಿ ತಿರುಗಬೇಕು. ಬಿಗಿಯಾಗಿದ್ದರೆ ಮೀಟರೇ ಹಿಡಿದುಕೊಂಡಿದೆ. ಹಳೇ ತಂತಿ ಕಡಿಯಲು ಅದೇ ಕಾರಣವಾಗಿರಬಹುದು, ಹೊಸದೂ ಕಡಿದೀತು. ಎಷ್ಟೋ ಜನ ಇಲ್ಲಿಯೇ ಮೋಸ ಹೋಗುತ್ತಾರೆ.

ಕೊಳವೆಯನ್ನು ಸೀಮೆಎಣ್ಣೆಯಿಂದ ತೊಳೆದು ಚೆನ್ನಾಗಿ ಒಣಗಿಸಿರಿ. ತಂತಿಯ ಕೆಳಗಿನ ಮೂರರಲ್ಲಿ ಎರಡು ಪಾಲಿಗೆ ಮಾತ್ರ ತೆಳ್ಳಗೆ ಗ್ರೀಸು ಸವರಿರಿ. ಮೀಟರಿನ ಕಡೆಯ ಪಾಲಿಗೆ ಬೇಡ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೇರಿಸುತ್ತದೆ. ಅದು ಬಟ್ಟಲಿಗೆ ತಗುಲಿದರೆ ಮುಳ್ಳು ಇಲ್ಲದ ವೇಗ ತೋರಿಸುತ್ತದೆ. ಕೇಬಲ್ಲನ್ನು ಸೈಲೆನ್ಸರ್ ಕೊಳವೆಯಿಂದ ದೂರವಿಟ್ಟು, ಎಲ್ಲಿಯೂ ಬಿಗಿಯಾಗಿ ಮಡಚದೆ ಅಗಲ ಬಾಗು ಕೊಟ್ಟು ಕಟ್ಟಿರಿ.

ಕಡೆಯದಾಗಿ ಪರೀಕ್ಷೆ. ಇದಕ್ಕೆ ಕಾಸು ಬೇಕಿಲ್ಲ. ರಸ್ತೆಯ ಕಿಲೋಮೀಟರು ಕಲ್ಲು ಮತ್ತು ಕೈಗಡಿಯಾರ ಸಾಕು. ಒಂದೇ ವೇಗದಲ್ಲಿ ಹೋಗುತ್ತ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡಾಯಿತೆಂದು ಪಕ್ಕದಲ್ಲಿ ಕೂತವರು ನೋಡಲಿ, ಡ್ರೈವರು ನೋಡಕೂಡದು. 120 ಸೆಕೆಂಡಾದರೆ ವೇಗ ಗಂಟೆಗೆ 30 ಕಿಲೋಮೀಟರು. 90 ಆದರೆ 40. 72 ಆದರೆ 50. 60 ಆದರೆ 60. ಹತ್ತು ಕಲ್ಲು ದಾಟಿ ದೂರದ ಅಂಕಿಯನ್ನೂ ತಾಳೆ ನೋಡಿರಿ. ಹತ್ತು ಕಿಲೋಮೀಟರಿಗೆ ಒಂಬತ್ತೂವರೆ ತೋರಿಸಿದರೆ ಟೈರಿನ ಅಳತೆ ನೋಡಬೇಕು. ಮೊದಲಿಗಿಂತ ದೊಡ್ಡ ಟೈರು ಹಾಕಿದರೆ ಗಾಡಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಕಡಿಮೆ ತೋರಿಸುತ್ತದೆ. ಬೇರೆ ಗಾಡಿಯ ಮೀಟರು ತಂದು ಹಾಕಿದರೂ ಲೆಕ್ಕ ತಪ್ಪಬಹುದು.

ಮೀಟರು ನಿಂತಿದ್ದ ದಿನಗಳನ್ನು ವಹಿಯಲ್ಲಿ ಬರೆದಿಡಿರಿ. ಅಂಕಿಯನ್ನು ಕೈಯಿಂದ ಹಿಂದೆ ಮುಂದೆ ಮಾಡಿಸಬೇಡಿರಿ. ಓಡಿದ ದೂರ ಹೊರಡುವಾಗ ಒಮ್ಮೆ, ಬಂದಾಗ ಒಮ್ಮೆ ಬರೆಯುವ ಕೆಲಸವನ್ನು ಮನೆಯ ಓದುವ ಮಗಳಿಗೋ ಮಗನಿಗೋ ಒಪ್ಪಿಸಿರಿ. ಅಣ್ಣನ ಮಾತಲ್ಲ, ತಮ್ಮನ ಮಾತಲ್ಲ; ವಹಿಯ ಮಾತು. ಅದಕ್ಕೆ ಎದುರಾಡುವವರು ಯಾರು?